ಸೈನ್ಸ್‌ಗಿಂತ ಆರ್ಟ್ಸ್‌ಗೆ ಜಾಸ್ತಿ ಓದಿ: ಅಮೆರಿಕದ ಫ್ಯೂನರಲ್ ಲೈಸೆನ್ಸ್ ಪರೀಕ್ಷೆ ಬಗ್ಗೆ

ಪ್ರಶ್ನೆ: ನಾನು ಶಿವಮೊಗ್ಗದವಳು. ಊರಲ್ಲಿ ಬಿಎಸ್ಸಿ ಮುಗಿಸಿ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಆರು ವರ್ಷ ಟೆಕ್ನಿಷಿಯನ್ ಆಗಿದ್ದೆ. ಎಂಬಾಮಿಂಗ್, ಅಂದರೆ ದೇಹ ಕೆಡದ ಹಾಗೆ ರಕ್ತನಾಳಕ್ಕೆ ದ್ರಾವಣ ತುಂಬುವುದು, ಮಾಡಿ ಅಭ್ಯಾಸ ಇದೆ. ಮದುವೆಯಾಗಿ ನ್ಯೂಜೆರ್ಸಿಗೆ ಬಂದ ಮೇಲೆ ಇಲ್ಲೇ ಅಂತ್ಯಕ್ರಿಯೆ ನಡೆಸಿಕೊಡುವ ಕೆಲಸದ ಫ್ಯೂನರಲ್ ಸರ್ವಿಸ್ ಕೋರ್ಸ್ ಸೇರಿದೆ. ಈಗ ಕೊನೆಯ ಸೆಮಿಸ್ಟರ್. ನಾಲ್ಕು ತಿಂಗಳಲ್ಲಿ ನ್ಯಾಷನಲ್ ಬೋರ್ಡ್ ಪರೀಕ್ಷೆ ಬರೆಯಬೇಕು. ಸೈನ್ಸ್ ತುಂಬಾ ಕಷ್ಟ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಹೇಗೆ ಓದಲಿ? ಊರಿನ ಅನುಭವ ಲೆಕ್ಕಕ್ಕೆ ಬರುತ್ತಾ? ಮುಂದೆ ಯಜಮಾನರ ಕೆಲಸ ಕ್ಯಾಲಿಫೋರ್ನಿಯಾಗೆ ಹೋದರೆ ಈ ಲೈಸೆನ್ಸ್ ಅಲ್ಲಿ ನಡೆಯುತ್ತಾ? ಇನ್ನೊಂದು, ಅಮ್ಮ ಫೋನಲ್ಲಿ "ಹೆಣದ ಕೆಲಸಕ್ಕೆ ಪರೀಕ್ಷೆ ಬೇರೆ ಕೇಡು" ಅಂತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ದಿನಗಳು ನೆನಪಾದವು. ನಾನೂ ಸೈನ್ಸ್‌ಗೇ ಹೆದರಿದ್ದೆ. ರಾತ್ರಿ ಎರಡರವರೆಗೆ ಕೂತು ರಕ್ತನಾಳಗಳ ಚಿತ್ರ ಬರೆದು ಬರೆದು ಕಲಿತೆ. ಸೈನ್ಸ್ ಮೊದಲ ಸಲಕ್ಕೇ ಪಾಸಾಯಿತು. ಆರ್ಟ್ಸ್ ಪಾಸಾಗಲಿಲ್ಲ. ಅದಾದ ಮೇಲೆ ನಮ್ಮ ಕಡೆಯಿಂದ ಬಂದ ಏಳೆಂಟು ಜನರಿಗೆ ಈ ಪರೀಕ್ಷೆಗೆ ಓದಿಸಿದ್ದೇನೆ, ಅವರಲ್ಲಿ ಎಡವಿದವರೂ ಅಲ್ಲೇ ಎಡವಿದ್ದು. ಅದಕ್ಕೇ ಈ ಉತ್ತರದಲ್ಲಿ ಆರ್ಟ್ಸ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ.

ಪರೀಕ್ಷೆ ಹೇಗಿರುತ್ತದೆ ಅಂತ ಮೊದಲು ಚುಟುಕಾಗಿ ನೋಡೋಣ. ನ್ಯಾಷನಲ್ ಬೋರ್ಡ್ ಎಕ್ಸಾಮಿನೇಷನ್, ಎಲ್ಲರೂ ಎನ್‌ಬಿಇ ಅನ್ನುವುದು, ಇದನ್ನು ನಡೆಸುವುದು ಈ ಕೆಲಸಕ್ಕೆ ಲೈಸೆನ್ಸ್ ಕೊಡುವ ರಾಜ್ಯಗಳ ಫ್ಯೂನರಲ್ ಬೋರ್ಡ್‌ಗಳೆಲ್ಲ ಸೇರಿ ಕಟ್ಟಿಕೊಂಡಿರುವ ಸಂಸ್ಥೆ. ಅದರ ಉದ್ದ ಹೆಸರು ಯಾರೂ ಹೇಳುವುದಿಲ್ಲ, 'ದಿ ಕಾನ್ಫರೆನ್ಸ್' ಅಂದರೆ ಸಾಕು. ಪರೀಕ್ಷೆಗೆ ಎರಡು ಭಾಗ, ಆರ್ಟ್ಸ್ ಮತ್ತು ಸೈನ್ಸಸ್. ಒಂದೊಂದರಲ್ಲೂ 170 ಪ್ರಶ್ನೆ, ಎಲ್ಲಾ ಆಯ್ಕೆ ಮಾಡುವಂಥವು. ಅದರಲ್ಲಿ ಅಂಕಕ್ಕೆ ಸೇರುವುದು 150 ಮಾತ್ರ. ಉಳಿದ 20 ಮುಂದಿನ ಪರೀಕ್ಷೆಗಳಿಗೆ ಸರಿಹೋಗುತ್ತವಾ ಅಂತ ನೋಡಲು ಹಾಕಿರುವ ಪ್ರಶ್ನೆಗಳು. ಯಾವುದು ಯಾವ ಥರದ್ದು ಅಂತ ನಿಮಗೆ ತಿಳಿಯುವುದಿಲ್ಲ, ಹಾಗಾಗಿ ಎಲ್ಲೂ ಕಾಣದ ವಿಚಿತ್ರ ಪ್ರಶ್ನೆ ಬಂದರೆ ಅದರ ಹಿಂದೆ ಬಿದ್ದು ಮನಸ್ಸು ಕೆಡಿಸಿಕೊಳ್ಳಬೇಡಿ. ಸಮಯ ಒಂದು ಭಾಗಕ್ಕೆ 2 ಗಂಟೆ 50 ನಿಮಿಷ, ಅಂದರೆ ಪ್ರಶ್ನೆಗೆ ಒಂದು ನಿಮಿಷ. ಪಾಸಾಗಲು 75 ಬೇಕು. ಇದು ಶೇಕಡಾ ಲೆಕ್ಕ ಅಲ್ಲ, ಪ್ರಶ್ನೆಪತ್ರಿಕೆ ಎಷ್ಟು ಕಠಿಣ ಅನ್ನುವುದನ್ನು ಸರಿದೂಗಿಸಿ ಕೊಡುವ ಅಂಕ. ಎರಡೂ ಭಾಗ ಒಂದೇ ದಿನ ಬರೆಯಬೇಕು ಅಂತಿಲ್ಲ. ಬೇರೆ ಬೇರೆ ದಿನ ಬರೆಯಿರಿ.

ಈಗ ಸೈನ್ಸ್. ಆರು ವರ್ಷ ಅನಾಟಮಿ ವಿಭಾಗದಲ್ಲಿದ್ದವರು ನೀವು. ತೊಡೆಯ ಫೆಮರಲ್ ಆರ್ಟರಿ ಹುಡುಕುವುದು ನಿಮಗೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ. ಆದರೆ ಒಂದು ವಿಷಯದಲ್ಲಿ ಹುಷಾರಾಗಿರಿ. ಊರಲ್ಲಿ ನೀವು ಮಾಡಿದ್ದೂ ಎಂಬಾಮಿಂಗೇ, ಇಲ್ಲಿ ಕೇಳುವುದೂ ಎಂಬಾಮಿಂಗೇ, ಆದರೆ ಎರಡರ ಗುರಿ ಬೇರೆ. ಮೆಡಿಕಲ್ ಕಾಲೇಜಲ್ಲಿ ಹುಡುಗರು ವರ್ಷವಿಡೀ ಕೊಯ್ದು ಕಲಿಯಬೇಕು, ದೇಹ ಕೆಡಬಾರದು, ಅಷ್ಟೇ. ಒಂದೇ ಜಾಗದಿಂದ ಫಾರ್ಮಲಿನ್, ಫೀನಾಲ್, ಗ್ಲಿಸರಿನ್ ಎಲ್ಲಾ ಸೇರಿಸಿ ಲೀಟರ್‌ಗಟ್ಟಲೆ ತುಂಬಿಸುತ್ತೀರಿ, ರಕ್ತ ಹೊರಗೆ ತೆಗೆಯುವ ಗೋಜಿಗೇ ಸಾಮಾನ್ಯವಾಗಿ ಹೋಗುವುದಿಲ್ಲ. ಮುಖ ಕಪ್ಪಾದರೆ ಯಾರೂ ಕೇಳುವುದಿಲ್ಲ. ಇಲ್ಲಿ ಎರಡು ಮೂರು ದಿನದಲ್ಲಿ ಮಗಳು ಬಂದು ಶವಪೆಟ್ಟಿಗೆ ಪಕ್ಕ ನಿಂತು ಅಪ್ಪನ ಮುಖ ನೋಡುತ್ತಾಳೆ. ಎಲ್ಲಾ ಆ ಮುಖಕ್ಕಾಗಿ. ಅದಕ್ಕೇ ಇಲ್ಲಿ ಕುತ್ತಿಗೆಯ ಕ್ಯಾರೋಟಿಡ್ ಆರ್ಟರಿಯಿಂದ ದ್ರಾವಣ ಬಿಟ್ಟು ಜುಗುಲಾರ್ ವೇನ್‌ನಿಂದ ರಕ್ತ ಇಳಿಸುತ್ತಾರೆ, ಮುಖ ಊದಿಕೊಳ್ಳುವ ಅಪಾಯ ಇದ್ದರೆ ಎರಡೂ ಕಡೆಯ ಕ್ಯಾರೋಟಿಡ್ ಎತ್ತಿಕೊಂಡು ದೇಹಕ್ಕೆ ಬೇರೆ, ತಲೆಗೆ ಬೇರೆ ಅಂತ ದ್ರಾವಣ ಬಿಡುತ್ತಾರೆ.

ಕಾಮಾಲೆಯಾಗಿ ತೀರಿಕೊಂಡವರ ವಿಷಯ ತಗೊಳ್ಳಿ. ಊರಿನ ಅಭ್ಯಾಸದಂತೆ ಗಟ್ಟಿ ಫಾರ್ಮಾಲ್ಡಿಹೈಡ್ ಬಿಟ್ಟರೆ ಚರ್ಮದಲ್ಲಿರುವ ಹಳದಿ ಬಿಲಿರುಬಿನ್ ಬಿಲಿವರ್ಡಿನ್ ಆಗಿ ಹಸಿರಿಗೆ ತಿರುಗುತ್ತದೆ. ಮುಖ ಹಸಿರಾದ ಮೇಲೆ ಏನು ಬಣ್ಣ ಬಳಿದರೂ ಆ ಕಳೆ ವಾಪಸ್ ಬರುವುದಿಲ್ಲ. ಅಲ್ಲಿ ಫಾರ್ಮಾಲ್ಡಿಹೈಡ್ ಕಡಿಮೆ ಇರುವ ದ್ರಾವಣ ಬೇಕು. ಮೈ ನೀರು ತುಂಬಿ ಊದಿದ್ದರೆ ಇದಕ್ಕೆ ಪೂರ್ತಿ ಉಲ್ಟಾ, ಗಟ್ಟಿ ದ್ರಾವಣ ಬೇಕು. ಹೀಗೆ "ಈ ದೇಹಕ್ಕೆ ಏನು ಮಾಡುತ್ತೀರಿ" ಅನ್ನುವ ಪ್ರಶ್ನೆಗಳೇ ಜಾಸ್ತಿ ಬರುತ್ತವೆ. ಉತ್ತರ ಆರಿಸುವಾಗ ನಿಮ್ಮ ಹಳೆಯ ಟೇಬಲ್ ಪಕ್ಕದಲ್ಲಿ ನಿಂತು ಯೋಚಿಸಬೇಡಿ. ಆ ಮಗಳ ಪಕ್ಕದಲ್ಲಿ ನಿಂತು ಯೋಚಿಸಿ.

ಲೆಕ್ಕವೂ ಬರುತ್ತದೆ, ಆದರೆ ಸುಲಭದ್ದು. ಬಾಟಲಿ ಮೇಲಿನ ಇಂಡೆಕ್ಸ್ ಅಂದರೆ 100 ಮಿಲಿಯಲ್ಲಿ ಎಷ್ಟು ಗ್ರಾಂ ಫಾರ್ಮಾಲ್ಡಿಹೈಡ್ ಗ್ಯಾಸ್ ಇದೆ ಅಂತ. ಇಂಡೆಕ್ಸ್ 32 ಇರುವ ದ್ರವದಿಂದ ಒಂದು ಗ್ಯಾಲನ್, ಅಂದರೆ 128 ಔನ್ಸ್, 2 ಪರ್ಸೆಂಟ್ ದ್ರಾವಣ ಮಾಡಬೇಕು ಅನ್ನಿ. 128ನ್ನು 2ರಿಂದ ಗುಣಿಸಿ 32ರಿಂದ ಭಾಗಿಸಿ. ಎಂಟು ಔನ್ಸ್. ಉಳಿದ 120 ಔನ್ಸ್ ನೀರು. ದಿನಕ್ಕೆ ಇಂಥ ಐದು ಲೆಕ್ಕ ಮಾಡಿದರೆ ಎರಡು ವಾರದಲ್ಲಿ ಕೈಗೆ ಬರುತ್ತದೆ. ಜೊತೆಗೆ ಓಶಾ, ಅಂದರೆ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಸಂಸ್ಥೆ, ಹಾಕಿರುವ ಮಿತಿಗಳನ್ನು ಬಾಯಿಪಾಠ ಮಾಡಿ. ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಎಂಟು ಗಂಟೆಯ ಸರಾಸರಿ 0.75 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ), 15 ನಿಮಿಷಕ್ಕೆ 2 ಪಿಪಿಎಂ ಮೀರಬಾರದು, 0.5 ಮುಟ್ಟಿದರೇ ಅಳತೆ ಇಟ್ಟು ಎಚ್ಚರ ವಹಿಸಬೇಕು. ಊರಲ್ಲಿ ಕಿಟಕಿ ತೆಗೆದು, ಮೂಗಿಗೆ ಬಟ್ಟೆ ಕಟ್ಟಿ ಕೆಲಸ ಮಾಡಿದವರು ನಾವು. ಈ ಮಿತಿಗಳನ್ನು ಪರೀಕ್ಷೆಗೆ ಓದಿ, ಜೀವನಪೂರ್ತಿ ನೆನಪಿಡಿ.

ಸೈನ್ಸ್‌ನಲ್ಲಿ ನಿಮಗೆ ಪೂರ್ತಿ ಹೊಸದು ಅಂದರೆ ರೆಸ್ಟೋರೇಟಿವ್ ಆರ್ಟ್, ಅಪಘಾತದಲ್ಲೋ ಕಾಯಿಲೆಯಲ್ಲೋ ಕೆಟ್ಟ ಮುಖವನ್ನು ಮೇಣ, ಬಣ್ಣ ಬಳಸಿ ಸರಿಪಡಿಸುವ ವಿದ್ಯೆ. ಕನ್ನಡಿ ಮುಂದೆ ನಿಂತು ಇದನ್ನು ಕಲಿಯಿರಿ. ಕೂದಲಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ಬುಡಕ್ಕೆ, ಅಲ್ಲಿಂದ ಗದ್ದದ ತುದಿಗೆ, ಬೆರಳಲ್ಲಿ ಅಳೆದು ನೋಡಿ, ಮೂರೂ ಹೆಚ್ಚುಕಡಿಮೆ ಒಂದೇ. ಮುಖದ ಅಗಲ ಐದು ಕಣ್ಣಿನಷ್ಟು. ಕಿವಿಯ ಉದ್ದ ನಡುವಿನ ಭಾಗಕ್ಕೆ ಸಮ. ಕಣ್ಣು ಮುಚ್ಚಿದಾಗ ರೆಪ್ಪೆಗಳು ಕೂಡುವ ಗೆರೆ ಕಣ್ಣಿನ ಗೂಡಿನ ನಡುಮಧ್ಯಕ್ಕೆ ಬರುವುದಿಲ್ಲ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಈ ಗೆರೆ ಸ್ವಲ್ಪ ಮೇಲೆ ಹೋದರೂ "ಇದು ನಮ್ಮಪ್ಪ ಥರ ಕಾಣಿಸ್ತಿಲ್ಲ" ಅನ್ನುತ್ತಾರೆ ಮನೆಯವರು. ಯಾಕೆ ಅಂತ ಅವರಿಗೆ ಹೇಳಲು ಬರುವುದಿಲ್ಲ. ನಿಮಗೆ ಗೊತ್ತಿರಬೇಕು.

ಸೈನ್ಸ್ ಬಗ್ಗೆ ಇಷ್ಟು ಸಾಕು. ಆರ್ಟ್ಸ್‌ಗೆ ಬರೋಣ.

ಆರ್ಟ್ಸ್ ಅಂದರೆ ಮನೆಯವರ ಜೊತೆ ಮಾತಾಡಿ ಅಂತ್ಯಕ್ರಿಯೆ ಗೊತ್ತುಮಾಡುವುದು, ಬೇರೆ ಬೇರೆ ಧರ್ಮಗಳ ಪದ್ಧತಿ, ಕಾನೂನು, ಬೆಲೆಪಟ್ಟಿ, ಪೆಟ್ಟಿಗೆಗಳ ವಿಚಾರ, ಸ್ಮಶಾನ, ಚಿತಾಗಾರ, ಜೊತೆಗೆ ದುಃಖದಲ್ಲಿರುವವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು. ಇಲ್ಲಿ ಹುಟ್ಟಿ ಬೆಳೆದವರು ಇದರಲ್ಲಿ ಅರ್ಧವನ್ನು ಅಜ್ಜ ಅಜ್ಜಿಯ ಅಂತ್ಯಕ್ರಿಯೆಗಳಲ್ಲೇ ಕಂಡಿರುತ್ತಾರೆ. ನಾವು ಕಂಡಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಮ್ಮ ಸಂಸ್ಕಾರವೇ ಕೆಲವು ಸಲ ತಪ್ಪು ಉತ್ತರದ ಕಡೆ ಎಳೆಯುತ್ತದೆ.

ಹೇಗೆ ಅಂತ ಹೇಳುತ್ತೇನೆ. ಸಾವಿನ ಮನೆಯಲ್ಲಿ ದುಡ್ಡಿನ ಮಾತು ಎತ್ತಬಾರದು, ಅಲ್ವಾ? ನಮ್ಮ ಕಡೆ ಅಕ್ಕಪಕ್ಕದವರೇ ಮುಂದೆ ನಿಂತು ಎಲ್ಲಾ ಖರ್ಚು ನೋಡಿಕೊಂಡು, ಹನ್ನೆರಡು ಹದಿಮೂರು ದಿನ ಕಳೆದ ಮೇಲೆ ಲೆಕ್ಕ ಹೇಳುತ್ತಾರೆ. ಇಲ್ಲಿ 1984ರಿಂದ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ 'ಫ್ಯೂನರಲ್ ರೂಲ್' ಜಾರಿಯಲ್ಲಿದೆ. ಮನೆಯವರು ಎದುರು ಬಂದು ಕೂತು ಏರ್ಪಾಡಿನ ಮಾತು ಶುರುವಾಗುತ್ತಿದ್ದ ಹಾಗೇ ಅಚ್ಚಾದ ಬೆಲೆಪಟ್ಟಿಯನ್ನು ಅವರ ಕೈಗೆ ಕೊಡಬೇಕು, ಮನೆಗೆ ತಗೊಂಡು ಹೋಗುವ ಹಾಗೆ. ಪೆಟ್ಟಿಗೆ ತೋರಿಸುವ ಮೊದಲು ಪೆಟ್ಟಿಗೆಯ ಬೆಲೆಪಟ್ಟಿ ತೋರಿಸಬೇಕು. ಫೋನಲ್ಲಿ ಯಾರಾದರೂ ಬೆಲೆ ಕೇಳಿದರೆ ಹೇಳಲೇಬೇಕು. ಪೆಟ್ಟಿಗೆಯನ್ನು ಅವರು ಬೇರೆ ಕಡೆ ಕೊಂಡು ತಂದರೆ ಬೇಡ ಅನ್ನುವ ಹಾಗಿಲ್ಲ, ಅದಕ್ಕೆ ಅಂತ ಜಾಸ್ತಿ ದುಡ್ಡೂ ಕೇಳುವ ಹಾಗಿಲ್ಲ. ಯಾವ ಸಮಾರಂಭವೂ ಇಲ್ಲದೆ ಮಾಡುವ ನೇರ ದಹನಕ್ಕೆ ಪೆಟ್ಟಿಗೆ ಕಡ್ಡಾಯ ಅಂತ ಹೇಳುವ ಹಾಗಿಲ್ಲ, ಗಟ್ಟಿ ರಟ್ಟಿನ ಡಬ್ಬ ಸಾಕು. ಎಂಬಾಮಿಂಗ್ ಕಾನೂನಿನ ಪ್ರಕಾರ ಬೇಕೇ ಬೇಕು ಅಂತ ಸುಮ್ನೆ ಹೇಳಿದರೆ ಅದು ನಿಯಮದ ಉಲ್ಲಂಘನೆ. ಮನೆಯವರು ಬೇಡ ಅನ್ನಲು ಬಾರದ ಶುಲ್ಕ ಒಂದೇ ಒಂದು, ಅದು ಮೂಲ ಸೇವಾ ಶುಲ್ಕ.

ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಾಗ ನಾನು ಏನು ಮಾಡಿದೆ ಗೊತ್ತಾ? ಹೆಂಡತಿಯನ್ನು ಕಳೆದುಕೊಂಡು ಬಂದ ಮನುಷ್ಯನ ಕೈಗೆ ಬೆಲೆಪಟ್ಟಿ ಕೊಡುವುದಾ, ಛೆ, ಮೊದಲು ಸಮಾಧಾನ ಹೇಳೋಣ, ಬೆಲೆ ಆಮೇಲೆ ಅಂತ ಮನಸ್ಸಿಗೆ ಬಂತು. ಅದನ್ನೇ ಗುರುತು ಮಾಡಿದೆ. ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು. ಒಮ್ಮೆ ನಮ್ಮ ಕಡೆಯ ಒಬ್ಬ ಹುಡುಗ ತಂದೆ ತೀರಿಕೊಂಡು ಬಂದಿದ್ದ. ಬೆಲೆಪಟ್ಟಿ ಕೊಟ್ಟರೆ ವಾಪಸ್ ನನ್ನ ಕಡೆಗೇ ತಳ್ಳಿದ. "ಇದೆಲ್ಲಾ ಈಗ ಬೇಡ ಸರ್, ನೀವು ಹೇಳಿದಷ್ಟು ಕೊಡ್ತೀವಿ" ಅಂದ. ಅಂಥ ಹೊತ್ತಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುವ ಸ್ಥಿತಿ ಅದು. ಪಟ್ಟಿಯನ್ನು ಮತ್ತೆ ಅವನ ಕೈಗಿಟ್ಟು ಒಂದೊಂದೇ ಸಾಲು ಓದಿದೆ. ದೇಹ ಮಾರನೇ ದಿನ ದಹನ, ಎಂಬಾಮಿಂಗ್ ಬೇಡ. ಲೋಹದ ಪೆಟ್ಟಿಗೆ ಬೇಡ. ಒಂದೊಂದೇ ಸಾಲಿನ ಮೇಲೆ ಪೆನ್ನು ಎಳೆಯುತ್ತಾ ಹೋದ. ಎಳೆದ ಸಾಲುಗಳಲ್ಲಿ ಅರ್ಧದಷ್ಟರ ಹೆಸರೂ ಅವನು ಕೇಳಿರಲಿಲ್ಲ, ಪಟ್ಟಿ ನೋಡದೆ ಹೋಗಿದ್ದರೆ ಅವಕ್ಕೂ ದುಡ್ಡು ಕೊಡುತ್ತಿದ್ದ. ಆವತ್ತಿನಿಂದ ಆ ನಿಯಮ ನನಗೆ ಒಣ ಕಾನೂನಾಗಿ ಕಾಣಿಸಿಲ್ಲ. ನೀವು ಆ ಹುಡುಗನನ್ನು ಮನಸ್ಸಲ್ಲಿಟ್ಟುಕೊಂಡು ಫ್ಯೂನರಲ್ ರೂಲ್ ಓದಿ, ಮರೆಯುವುದಿಲ್ಲ.

ಸಮಾಧಾನ ಹೇಳುವ ಪ್ರಶ್ನೆಗಳಲ್ಲೂ ಇದೇ ಕಥೆ. ಗಂಡ ಹೋದ ಹೆಂಗಸು "ನಾನು ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು" ಅಂತ ಅಳುತ್ತಾಳೆ, ನೀವು ಏನು ಹೇಳುತ್ತೀರಿ? ನಮ್ಮ ಬಾಯಿಗೆ ತಾನಾಗಿ ಬರುವುದು "ಅಳಬೇಡಿ, ಧೈರ್ಯ ತಂದುಕೊಳ್ಳಿ, ಮಕ್ಕಳ ಮುಖ ನೋಡಿ" ಅಂತ. ಅಂಥ ಸಾಲು ಆಯ್ಕೆಗಳಲ್ಲಿ ಕಂಡರೆ ಅದು ತಪ್ಪು ಉತ್ತರ. ಅವಳು ಹೇಳಿದ್ದನ್ನು ಕೇಳಿಸಿಕೊಂಡೆ ಅಂತ ತೋರಿಸುವ, ಇನ್ನೂ ಮಾತಾಡಲು ಬಿಡುವ ಉತ್ತರ ಹುಡುಕಿ. ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ ಹೇಳುವ ದುಃಖದ ನಾಲ್ಕು ಕೆಲಸಗಳನ್ನು ಅದರ ಕ್ರಮದಲ್ಲೇ ಕಲಿತುಕೊಳ್ಳಿ: ಸಾವು ನಿಜ ಅಂತ ಒಪ್ಪುವುದು, ನೋವನ್ನು ಅನುಭವಿಸಿ ದಾಟುವುದು, ಹೋದವರಿಲ್ಲದ ಬದುಕಿಗೆ ಹೊಂದಿಕೊಳ್ಳುವುದು, ಅವರ ನಂಟು ಮನಸ್ಸಲ್ಲಿಟ್ಟುಕೊಂಡೇ ಮುಂದೆ ಸಾಗುವುದು.

ಧರ್ಮಗಳ ಪದ್ಧತಿ ಓದುವುದಕ್ಕಿಂತ ನೋಡುವುದು ಮೇಲು. ನೀವು ಇಂಟರ್ನ್‌ಶಿಪ್ ಮಾಡುವ ಕಡೆ ಕೇಳಿಕೊಂಡು ಒಂದು ಕ್ಯಾಥೊಲಿಕ್ ಅಂತ್ಯಕ್ರಿಯೆಯ ಮಾಸ್‌ಗೆ, ಅಂದರೆ ಚರ್ಚಿನ ಬಲಿಪೂಜೆಗೆ, ಹೋಗಿ ಹಿಂದಿನ ಬೆಂಚಲ್ಲಿ ಕೂತು ನೋಡಿ. ಸಾಮಾನ್ಯರ ಪೆಟ್ಟಿಗೆ ಕಾಲು ಬಲಿಪೀಠದ ಕಡೆ ಇರುತ್ತದೆ, ಪಾದ್ರಿ ತೀರಿಕೊಂಡರೆ ತಲೆ ಬಲಿಪೀಠದ ಕಡೆ. ಒಮ್ಮೆ ಕಣ್ಣಾರೆ ಕಂಡರೆ ಸಾಕು. ಯಹೂದಿಗಳಲ್ಲಿ ದೇಹವನ್ನು ತೊಳೆಯುವ ತಹಾರಾ, ಲೋಹ ಇಲ್ಲದ ಸಾದಾ ಮರದ ಪೆಟ್ಟಿಗೆ, ಏಳು ದಿನ ಮನೆಯಲ್ಲೇ ಶೋಕ ಆಚರಿಸುವ ಶಿವಾ. ಮುಸ್ಲಿಮರ ಘುಸ್ಲ್ (ಸ್ನಾನ), ಕಫನ್ (ಹೊದಿಸುವ ಬಟ್ಟೆ), ಜನಾಜಾ (ಪ್ರಾರ್ಥನೆ) ನಮ್ಮ ಊರುಗಳಲ್ಲೂ ಇದ್ದದ್ದೇ. ಸೈನ್ಯದಲ್ಲಿದ್ದವರ ಪೆಟ್ಟಿಗೆ ಮೇಲೆ ಅಮೆರಿಕದ ಬಾವುಟ ಹೊದಿಸಿದಾಗ ನಕ್ಷತ್ರಗಳಿರುವ ನೀಲಿ ಭಾಗ ತೀರಿಕೊಂಡವರ ಎಡ ಭುಜದ ಮೇಲೆ ಬರಬೇಕು.

ಹಿಂದೂ ಪದ್ಧತಿ ಗೊತ್ತಲ್ಲ ಅಂತ ಅದನ್ನು ಬಿಡಬೇಡಿ. ಪರೀಕ್ಷೆಯಲ್ಲಿ ಹಿಂದೂ ಅಂದರೆ ಒಂದೇ ಬಗೆ, ದಹನ, ಹಿರಿಯ ಮಗ, ಬಿಳಿ ಬಟ್ಟೆ. ನಮಗೆ ಗೊತ್ತಿರುವುದು ಅದಕ್ಕಿಂತ ಜಾಸ್ತಿ, ಅದೇ ತೊಡಕು. ಲಿಂಗಾಯತರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ ಅಂತ ನಿಮಗೆ ಗೊತ್ತು, ಪ್ರಶ್ನೆ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಪುಸ್ತಕ ಹೇಳುವ ಉತ್ತರವನ್ನೇ ಗುರುತು ಮಾಡಿ. ನಿಮ್ಮ ತಿಳಿವಳಿಕೆ ಲೈಸೆನ್ಸ್ ಬಂದ ಮೇಲೆ ಕೆಲಸಕ್ಕೆ ಬರುತ್ತದೆ, ಆಗ ನೀವು ಆ ಮನೆಯವರಿಗೆ ಸಿಗುವ ದೊಡ್ಡ ಆಸರೆ. ಇವತ್ತೇ ದಹನ ಆಗಬೇಕು ಅಂತ ಬರುವ ಮನೆಯವರಿಗೆ, ಹಲವು ರಾಜ್ಯಗಳಲ್ಲಿ ಸಾವಿನ ನಂತರ 24 ಅಥವಾ 48 ಗಂಟೆ ಕಾಯಲೇಬೇಕು ಅನ್ನುವ ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು. ದೇಹವನ್ನು ಊರಿಗೆ ಕಳಿಸುವುದಾದರೆ ಮರಣ ಪತ್ರ, ಎಂಬಾಮಿಂಗ್ ಸರ್ಟಿಫಿಕೇಟ್, ಸಾಂಕ್ರಾಮಿಕ ರೋಗ ಇಲ್ಲ ಅನ್ನುವ ಪತ್ರ, ರದ್ದು ಮಾಡಿಸಿದ ಪಾಸ್‌ಪೋರ್ಟ್, ಭಾರತದ ಕಾನ್ಸುಲೇಟ್‌ನ ನಿರಾಕ್ಷೇಪಣಾ ಪತ್ರ, ಗಾಳಿಯಾಡದ ಹಾಗೆ ಮುಚ್ಚಿದ ಪೆಟ್ಟಿಗೆ, ಇಷ್ಟನ್ನೂ ಹೊಂದಿಸಬೇಕು. ಇದನ್ನು ಒಂದೇ ದಿನದಲ್ಲಿ ಮುಗಿಸಬಲ್ಲವರು ಅಪರೂಪ.

ಊರಿನ ಅನುಭವದ ಪ್ರಶ್ನೆಗೆ ಉತ್ತರ ಬೇಜಾರಿನದು. ಇಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಅಂತಲೇ ಇಲ್ಲ, ಎಂಬಾಮಿಂಗ್ ಬೇಕಾದರೆ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೇ ಹೋಗುತ್ತಾರೆ. ಇಲ್ಲಿನ ಬೋರ್ಡ್‌ಗಳು ಕೇಳುವುದು ಮಾನ್ಯತೆ ಇರುವ ಕೋರ್ಸ್, ಇಲ್ಲಿ ಮಾಡಿದ ಇಂಟರ್ನ್‌ಶಿಪ್. ಕೋರ್ಸ್ ಆಯಿತು, ಇನ್ನು ಇಂಟರ್ನ್‌ಶಿಪ್ ಮತ್ತು ನ್ಯೂಜೆರ್ಸಿ ಕಾನೂನಿನ ಪರೀಕ್ಷೆ ಬೇರೆ ಇದೆ, ಅದನ್ನು ಮರೆಯಬೇಡಿ. ಎನ್‌ಬಿಇ ಪಾಸಾದ ಮಾತ್ರಕ್ಕೆ ಲೈಸೆನ್ಸ್ ಕೈಗೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾ ವಿಷಯ. ನ್ಯೂಜೆರ್ಸಿಯಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವುದಕ್ಕೂ ಎಂಬಾಮಿಂಗ್‌ಗೂ ಒಂದೇ ಲೈಸೆನ್ಸ್. ಕ್ಯಾಲಿಫೋರ್ನಿಯಾದಲ್ಲಿ ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಡೈರೆಕ್ಟರ್‌ಗೆ ಒಂದು, ಎಂಬಾಮರ್‌ಗೆ ಇನ್ನೊಂದು. ನಿಮ್ಮ ಲೈಸೆನ್ಸ್ ತಾನಾಗಿ ಅಲ್ಲಿಗೆ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು, ಅಲ್ಲಿನ ಕಾನೂನಿನ ಪರೀಕ್ಷೆ ಬರೆಯಬೇಕು. ಆದರೆ ಎನ್‌ಬಿಇ ಅಂಕ ನಿಮ್ಮ ಜೊತೆಗೇ ಇರುತ್ತದೆ, ಕಾನ್ಫರೆನ್ಸ್‌ಗೆ ಹೇಳಿದರೆ ಬೇರೆ ರಾಜ್ಯದ ಬೋರ್ಡ್‌ಗೆ ಕಳಿಸಿಕೊಡುತ್ತಾರೆ. ಹಾಗಾಗಿ ಒಂದೇ ಭಾಗ ಸಾಕು ಅನ್ನುವ ಕಡೆ ಹೋಗುವ ಯೋಚನೆ ಇದ್ದರೂ ಎರಡೂ ಭಾಗ ಈಗಲೇ ಮುಗಿಸಿಬಿಡಿ. ಓದಿನ ಬಿಸಿ ಆರಿದ ಮೇಲೆ ಮತ್ತೆ ಕೂರುವುದು ಕಷ್ಟ.

ಇನ್ನು ನಿಮ್ಮ ಅಮ್ಮ. ಅವರಿಗೆ ಕೊಲರಾಡೋದ ಕಥೆ ಹೇಳಿ. ಆ ರಾಜ್ಯ 1983ರಲ್ಲಿ ಈ ಕೆಲಸಕ್ಕೆ ಲೈಸೆನ್ಸೇ ಬೇಡ ಅಂತ ತೆಗೆದುಹಾಕಿತು. ನಲವತ್ತು ವರ್ಷ ಹಾಗೇ ನಡೆಯಿತು, ಪರೀಕ್ಷೆ ಇಲ್ಲ, ಕೋರ್ಸ್ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದಿತ್ತು. 2023ರ ಅಕ್ಟೋಬರ್‌ನಲ್ಲಿ ಪೆನ್‌ರೋಸ್ ಅನ್ನುವ ಸಣ್ಣ ಊರಲ್ಲಿ ಒಂದು ಕಟ್ಟಡದಿಂದ ವಾಸನೆ ಬರುತ್ತಿದೆ ಅಂತ ದೂರು ಬಂತು. ಒಳಗೆ ಹೋಗಿ ನೋಡಿದರೆ ಸುಮಾರು 190 ದೇಹಗಳು ಕೊಳೆತು ಬಿದ್ದಿದ್ದವು. ದಹನ ಮಾಡಿದ್ದೇವೆ ಅಂತ ಎಷ್ಟೋ ಮನೆಯವರಿಗೆ ಬೂದಿ ಅಂತ ಬೇರೆ ಏನನ್ನೋ ಕೊಟ್ಟು ಕಳಿಸಿದ್ದರು. ಒಬ್ಬ ಮಗ ಅಮ್ಮನ ಅಸ್ಥಿ ಅಂತ ಭಕ್ತಿಯಿಂದ ಹೊಳೆಗೆ ಬಿಟ್ಟು ಬಂದಿದ್ದಾನೆ, ಅಮ್ಮ ಮಾತ್ರ ಆ ಕಟ್ಟಡದಲ್ಲೇ ಇದ್ದಾಳೆ ಅಂದರೆ ಹೇಗಿರಬೇಕು ಯೋಚಿಸಿ. 2024ರಲ್ಲಿ ಅಲ್ಲಿ ಹೊಸ ಕಾನೂನು ಬಂತು, 2027ರ ಜನವರಿಯಿಂದ ಲೈಸೆನ್ಸ್ ಕಡ್ಡಾಯ. ಸತ್ತವರು ಎದ್ದು ಬಂದು ದೂರು ಕೊಡುವುದಿಲ್ಲ, ಮುಚ್ಚಿದ ಬಾಗಿಲ ಹಿಂದೆ ಏನಾಗುತ್ತದೆ ಅಂತ ಮನೆಯವರಿಗೆ ಕಾಣಿಸುವುದಿಲ್ಲ, ಅದಕ್ಕೇ ಈ ಕೆಲಸಕ್ಕೆ ಪರೀಕ್ಷೆ ಇಟ್ಟಿದ್ದಾರೆ ಅಂತ ಅಮ್ಮನಿಗೆ ಹೇಳಿ. ನನ್ನ ಅಮ್ಮನಿಗೂ ಇದನ್ನೇ ಹೇಳಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಂಗಸರಿಗೆ ಸ್ನಾನ ಮಾಡಿಸೋಕೆ ಹೆಂಗಸರೇ ಇರ್ತಾರಾ ಅಲ್ಲಿ?" ಅಂತ ಕೇಳಿದರು. ನಿಮ್ಮಂಥವರು ಎಷ್ಟು ಬೇಕಾಗಿದ್ದಾರೆ ಅಂತ ನನಗೆ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಯಿತು.

ಈಗ ಮುಂದಿನ ನಾಲ್ಕು ತಿಂಗಳು. ಮೊದಲ ಎರಡೂವರೆ ತಿಂಗಳು ಆರ್ಟ್ಸ್‌ಗೆ ಕೊಡಿ, ಆರ್ಟ್ಸ್ ಪರೀಕ್ಷೆಯನ್ನೇ ಮೊದಲು ಬುಕ್ ಮಾಡಿ, ಅದು ಮುಗಿದ ಮೇಲೆ ಉಳಿದ ದಿನ ಸೈನ್ಸ್. ಕಾನ್ಫರೆನ್ಸ್‌ನವರೇ ಆನ್‌ಲೈನಲ್ಲಿ ಮಾರುವ ಅಭ್ಯಾಸ ಪರೀಕ್ಷೆ ತಗೊಳ್ಳಿ. ಗಡಿಯಾರ ಇಟ್ಟುಕೊಂಡು ಒಂದೇ ಪಟ್ಟಿಗೆ ಕೂತು ಬರೆಯಿರಿ. ತಪ್ಪಾದ ಪ್ರಶ್ನೆಗಳ ಮುಂದೆ, ನನಗೆ ವಿಷಯ ಗೊತ್ತಿರಲಿಲ್ಲವಾ, ಇಲ್ಲಾ ಊರಿನ ಅಭ್ಯಾಸದಿಂದ ಹಾಗೆ ಉತ್ತರಿಸಿದೆನಾ ಅಂತ ಬರೆದಿಡಿ. ಎರಡನೆಯದೇ ಜಾಸ್ತಿ ಬರುತ್ತದೆ ನೋಡಿ.

ಒಂದು ಸಣ್ಣ ವಿಷಯ, ಇದನ್ನು ಮಾತ್ರ ಇವತ್ತೇ ಮಾಡಿ. ಪರೀಕ್ಷೆ ನಡೆಯುವ ಪಿಯರ್ಸನ್ ವ್ಯೂ ಕೇಂದ್ರದಲ್ಲಿ ನಿಮ್ಮ ಗುರುತಿನ ಚೀಟಿಯ ಹೆಸರು ಅರ್ಜಿಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮಲ್ಲಿ ಹೆಸರಿನ ಮುಂದೆ ಊರಿನ, ಅಪ್ಪನ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅದೇ ಬಿಡಿಸಿ ಬರೆದಿರುತ್ತದೆ, ಮದುವೆಯಾದ ಮೇಲೆ ಡ್ರೈವಿಂಗ್ ಲೈಸೆನ್ಸಲ್ಲಿ ಯಜಮಾನರ ಹೆಸರು ಸೇರಿರುತ್ತದೆ, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಥರ. ನಾನು ಓದಿಸಿದ ಒಬ್ಬರನ್ನು ಇದೇ ಕಾರಣಕ್ಕೆ ಬಾಗಿಲಿಂದಲೇ ವಾಪಸ್ ಕಳಿಸಿದ್ದರು. ಮೂರನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಕಾಲೇಜಿಗೆ ಸೋಮವಾರವೇ ಹೋಗಿ ಸರಿ ಮಾಡಿಸಿ.